ಮುನಿಲಕ್ಷ್ಮಮ್ಮ ಕೇಳಲಿರುವ ಮಾತು

ಜಯನಗರ ನಾಲ್ಕನೇ ಬ್ಲಾಕ್,
ಬೆಂಗಳೂರು
೧೪ ಫೆಬ್ರವರಿ ೧೯೬೬, ಸೋಮವಾರ

ಪ್ರೀತಿಯ ಅತ್ತೆಯವರಿಗೆ,

ನಿಮ್ಮ ಸೊಸೆ ಪಂಕಜ ಪುಣೆಯ ದಿಕ್ಕಿಗೆ ತಿರುಗಿ ಮಾಡುವ ನಮಸ್ಕಾರ. ನಿಮ್ಮ ಮಂಡಿನೋವು ಹೇಗಿದೆ? ಮಗಳ ಬಾಣಂತನದ ಭರದಲ್ಲಿ ಸರಸ್ವತಿಗೆ ಎಣ್ಣೆ ತಿಕ್ಕುತ್ತ ನಿಮ್ಮ ಕಾಲನ್ನು ಮರೆತಿರುತ್ತೀರಿ, ನನಗೆ ಗೊತ್ತು. ಬಾಣಂತಿಗೆ ಕಾಯಿಸಿದ ಎಣ್ಣೆಯಲ್ಲೇ ಒಂದು ಚಮಚ ನಿಮಗೂ ಎತ್ತಿಟ್ಟುಕೊಳ್ಳಿ, ಯಾರೂ ಬೇಡವೆನ್ನುವುದಿಲ್ಲ. ಕೂಸು ಈಗ ಮುಖ ನೋಡಿ ನಗುತ್ತದೆ, ದೀಪ ಕಂಡರೆ ಕೈ ಚಾಚುತ್ತದೆ ಎಂದು ಬರೆದಿದ್ದಿರಿ. ಅದನ್ನು ನಾಲ್ಕು ಸಲ ಓದಿದೆ. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ನಿಮ್ಮ ಮಗ ಪ್ರಧಾನಿಗಳು ಹೇಳಿದ್ದರೆಂದು ದೇಶಕ್ಕಾಗಿ ಸೋಮವಾರ ರಾತ್ರಿ ಊಟ ಬಿಡುವುದನ್ನು ಇನ್ನೂ ನಿಲ್ಲಿಸಿಲ್ಲ. ಊಟ ಬಿಟ್ಟು ಎರಡು ತಟ್ಟೆ ಉಪ್ಪಿಟ್ಟು ತಿನ್ನುತ್ತಾರೆ. ಉಪ್ಪಿಟ್ಟು ಊಟದ ಲೆಕ್ಕಕ್ಕೆ ಬರುವುದಿಲ್ಲವಂತೆ.

ಇಪ್ಪತ್ತನಾಲ್ಕನೇ ತಾರೀಖು ಗುರುವಾರ ಬೆಳಿಗ್ಗೆ ರೈಲು ಇಳಿಯುತ್ತೀರಿ ಎಂದು ತಿಳಿದು ಮನೆಗೆ ಮನೆಯೇ ಎದ್ದು ಕುಳಿತಂತಾಗಿದೆ. ನಿಮ್ಮ ಕೋಣೆ ಸಾರಿಸಿ, ತುಳಸಿ ಕಟ್ಟೆಗೆ ಸುಣ್ಣ ಹೊಡೆಸಿದ್ದೇನೆ. ಆದರೆ ಅತ್ತೆ, ನಿಮ್ಮ ಹಿಂದಿನ ಮೂರು ಕಾಗದಗಳಲ್ಲೂ ಕೊನೆಯಲ್ಲಿ ಒಂದೇ ಪ್ರಶ್ನೆ ಇತ್ತು. ಸೊಪ್ಪಿನ ಮುನಿಲಕ್ಷ್ಮಮ್ಮ ಹೇಗಿದ್ದಾಳೆ, ನನ್ನನ್ನು ಕೇಳುತ್ತಾಳೆಯೇ ಎಂದು. ನಾನು ಮಿಕ್ಕಿದ್ದಕ್ಕೆಲ್ಲ ಉತ್ತರ ಬರೆದೆ, ಹಾಲಿನವನ ಎಮ್ಮೆ ಕರು ಹಾಕಿದ್ದನ್ನೂ ಬರೆದೆ, ಅದಕ್ಕೊಂದಕ್ಕೆ ಬರೆಯಲಿಲ್ಲ. ಈಗ ಬರೆಯದೆ ವಿಧಿಯಿಲ್ಲ. ನೀವು ಬಂದಿಳಿದ ದಿನವೇ ಅವಳು ನಿಮ್ಮನ್ನು ನೋಡಲು ಬಾಗಿಲಿಗೆ ಬರುತ್ತಾಳೆ. ಎರಡು ತಿಂಗಳಿಂದ ಅವಳು ನಮ್ಮ ಬೀದಿಗೆ ಕಾಲಿಟ್ಟಿಲ್ಲ, ಅದಕ್ಕೆ ಕಾರಣ ನಾನು. ಅವಳು ಬರುವ ಮೊದಲೇ ನಿಮಗೆ ಅದು ನನ್ನಿಂದ ಗೊತ್ತಾಗಬೇಕು.

ನೀವು ಹೊರಟ ಹೊಸತರಲ್ಲಿ ರೇಡಿಯೋದಲ್ಲಿ ದಿನ ಬೆಳಗಾದರೆ ಒಂದೇ ಮಾತು, ಖಾಲಿ ಜಾಗ ಬಿಡಬೇಡಿ, ಕೈಲಾದ್ದು ಬೆಳೆಯಿರಿ ಎಂದು. ನಮ್ಮ ಮನೆಗೂ ಮೇಷ್ಟ್ರು ಶಾಂತವೀರಪ್ಪನವರ ಮನೆಗೂ ನಡುವೆ ಇರುವ ಖಾಲಿ ಸೈಟು ನಿಮಗೆ ಗೊತ್ತಲ್ಲ, ಹಾವಿನ ಮನೆ ಎಂದು ನೀವು ಬೈಯುತ್ತಿದ್ದುದು. ಮೂಲೆಮನೆಯ ರಿಟೈರ್ಡ್ ಎಂಜಿನಿಯರ್ ಬದರಿನಾಥರು ಭಿಲಾಯಿಯಲ್ಲಿರುವ ಸೈಟಿನ ಯಜಮಾನರಿಗೆ ಕಾಗದ ಬರೆದು, ಮನೆ ಕಟ್ಟುವವರೆಗೆ ತರಕಾರಿ ಹಾಕಿಕೊಳ್ಳಲು ಒಪ್ಪಿಗೆ ತರಿಸಿದರು. ಒಂದು ಭಾನುವಾರ ಬೀದಿಯವರೆಲ್ಲ ಸೇರಿ ಪೊದೆ ಕಡಿದೆವು. ಎದುರುಮನೆಯವರ ಹೆಸರು ಕಮಲಾದೇವಿ ಎಂದು ನನಗೆ ಗೊತ್ತಾದದ್ದೇ ಅವತ್ತು. ನಾಲ್ಕು ವರ್ಷ ಎದುರುಬದುರು ರಂಗೋಲಿ ಹಾಕಿದ್ದೇವೆ, ಅವರು ನನಗೆ ಎದುರುಮನೆಯವರು, ನಾನು ಅವರಿಗೆ ಎದುರುಮನೆಯವಳು. ನಿಮ್ಮ ಮಗ ಪಂಚೆ ಎತ್ತಿ ಕಟ್ಟಿ ಗುದ್ದಲಿ ಹಿಡಿದದ್ದನ್ನು ನೀವು ನೋಡಬೇಕಿತ್ತು. ಅರ್ಧ ಗಂಟೆಗೆ ಅಂಗೈಯಲ್ಲಿ ಬೊಬ್ಬೆ ಎದ್ದು, ಮಿಕ್ಕ ಹೊತ್ತು ಎಲ್ಲರಿಗೂ ಸಲಹೆ ಕೊಡುತ್ತ ನಿಂತರು.

ನೀರಿಗೇನು ಮಾಡುವುದು ಎಂಬ ಪ್ರಶ್ನೆ ಬಂತು. ಬದರಿನಾಥರು ನಾಲ್ಕು ಮನೆಯ ಬಚ್ಚಲ ನೀರನ್ನು ಒಂದೇ ಕಾಲುವೆಗೆ ಸೇರಿಸಿ ಪಾತಿಗಳಿಗೆ ಹಾಯಿಸುವ ಯೋಜನೆ ಹಾಕಿದರು. ಸೀಗೆಪುಡಿ ಆಗಬಹುದು, ಸೋಪು ಕೂಡದು ಎಂದು ಕಾನೂನು ಮಾಡಿದರು. ಯಾರ ಮನೆ ಸ್ನಾನದ ನೀರು ಯಾರು ತಿನ್ನುವ ಸೊಪ್ಪಿಗೆ ಎಂದು ಎರಡು ದಿನ ಗುಸುಗುಸು ನಡೆಯಿತು. ಕಡೆಗೆ ಶಾಂತವೀರಪ್ಪನವರು, ಮಣ್ಣಿಗಿಲ್ಲದ ಅನುಮಾನ ನಮಗೇಕೆ, ಬೇಕಾದರೆ ನಮ್ಮ ಮನೆಯ ನೀರು ಕೊನೆಯ ಪಾತಿಗೆ ಹೋಗಲಿ ಎಂದರು. ಅಷ್ಟು ಹೇಳಿದ ಮೇಲೆ ಎಲ್ಲರಿಗೂ ನಾಚಿಕೆಯಾಯಿತು. ನಾಲ್ಕು ಮನೆಯ ನೀರೂ ಕೂಡಿಯೇ ಹರಿಯಿತು. ನಿಮಗೆ ಇದು ಸರಿಬೀಳದಿದ್ದರೆ ನಿಮ್ಮ ಸಾರಿಗೆ ಬೇರೆ ಸೊಪ್ಪು ತರಿಸುತ್ತೇನೆ. ಆದರೆ ಒಬ್ಬರ ಮನೆಯ ಮೆಟ್ಟಿಲು ಒಬ್ಬರು ಹತ್ತದ ಬೀದಿಯಲ್ಲಿ ಸಂಜೆ ಐದಾದರೆ ಹತ್ತು ಜನ ಸೇರಿ ಕಳೆ ಕೀಳುತ್ತ ಹರಟುವಂತಾಯಿತು ನೋಡಿ, ಅದು ನನಗೆ ಬಹಳ ಹಿಡಿಸಿತು. ನೀವಿಲ್ಲದ ಮನೆಯಲ್ಲಿ ಹಗಲೆಲ್ಲ ಗೋಡೆ ನೋಡಿಕೊಂಡು ಕೂತಿದ್ದವಳಿಗೆ ಆ ಸಂಜೆಗಳು ಬೇಕಾಗಿದ್ದವು.

ಆದರೆ ಬೆಳೆ ಮಾತ್ರ ಬರಲಿಲ್ಲ. ಹದಿನೆಂಟು ದಿನವಾದರೂ ಕೊತ್ತಂಬರಿ ಮಣ್ಣಿನಿಂದ ಇಣುಕಲಿಲ್ಲ, ದಂಟು ಒಂದು ಕಡೆ ಕೂದಲಿನ ಹಾಗೆ ಹುಟ್ಟಿ ಇನ್ನೊಂದು ಕಡೆ ಬೋಳು. ಬದರಿನಾಥರು ಟೇಪು ಹಿಡಿದು ಅಳೆದದ್ದೇ ಬಂತು. ಆಗ ಒಂದು ಬೆಳಿಗ್ಗೆ ಮುನಿಲಕ್ಷ್ಮಮ್ಮ ಬುಟ್ಟಿ ಇಳಿಸಿ ಬೇಲಿಯಾಚೆಯಿಂದ ನೋಡಿದಳು. "ಇದೇನ್ ಚಿಕ್ಕಮ್ಮೋರೆ, ಬೀಜ ಬಿತ್ತಿದ್ದೀರೋ ಹೂತಿದ್ದೀರೋ?" ಎಂದು ನಕ್ಕು, ಸೀರೆ ಎತ್ತಿ ಸಿಕ್ಕಿಸಿಕೊಂಡು ಒಳಗೆ ಬಂದೇಬಿಟ್ಟಳು. ಕೊತ್ತಂಬರಿ ಬೀಜವನ್ನು ಇಡಿಯಾಗಿ ಹಾಕಬಾರದು, ಹಲಗೆಯ ಕೆಳಗೆ ಉಜ್ಜಿ ಎರಡು ಹೋಳು ಮಾಡಬೇಕು ಎಂದಳು. ದಂಟಿನ ಬೀಜಕ್ಕೆ ಮರಳು ಬೆರೆಸಿ ಎರಚಿದರೆ ಸಮನಾಗಿ ಬೀಳುತ್ತದೆ ಎಂದು ತೋರಿಸಿದಳು. ಮರುದಿನ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ದಂಟು, ಮೆಂತ್ಯ, ಅವರೆ ಬೀಜ ತಂದಳು. ಕಾಸು ಕೊಡಹೋದರೆ ಬೀಜಕ್ಕೆ ಕಾಸು ತೆಗೆದುಕೊಂಡರೆ ಬೆಳೆ ಕೈಗೆ ಹತ್ತುವುದಿಲ್ಲ ಎಂದು ಕೈ ಹಿಂದಕ್ಕಿಟ್ಟುಕೊಂಡಳು. ಬಡಾವಣೆ ಆಗುವ ಮುಂಚೆ ಇಲ್ಲೆಲ್ಲ ಅವಳ ತವರಿನವರು ರಾಗಿ ಹಾಕುತ್ತಿದ್ದರಂತೆ, ಮಣ್ಣು ಮುಟ್ಟಿಯೇ ಎಲ್ಲಿ ನೀರು ನಿಲ್ಲುತ್ತದೆ ಎಂದು ಹೇಳಿದಳು. ಹೀಗೆ ಹತ್ತು ದಿನ, ದಿನಕ್ಕೆ ಅರ್ಧ ಗಂಟೆ. ಅಷ್ಟು ಹೊತ್ತು ಅವಳ ಸೊಪ್ಪು ಬುಟ್ಟಿಯಲ್ಲಿ ಬಾಡುತ್ತಿತ್ತು, ಒದ್ದೆ ಗೋಣಿ ಹೊದಿಸಿ ಬರುತ್ತಿದ್ದಳು. ಅವಳು ಹೇಳಿದ್ದನ್ನೆಲ್ಲ ಬದರಿನಾಥರು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ನೀವಿದ್ದಾಗಿನ ಬೆಳಗುಗಳು ನನಗೆ ನೆನಪಿವೆ. ಮುನಿಲಕ್ಷ್ಮಮ್ಮ ಸಾರಕ್ಕಿ ಹಳ್ಳಿಯಿಂದ ಕತ್ತಲಿರುವಾಗಲೇ ಹೊರಟು ಮೊದಲು ನಮ್ಮ ಜಗುಲಿಗೇ ಬರುತ್ತಿದ್ದಳು, ನಿಮ್ಮ ಕೈ ಬೋಣಿಯಾದರೆ ಬುಟ್ಟಿ ಹನ್ನೊಂದು ಗಂಟೆಗೆಲ್ಲ ಬರಿದಾಗುತ್ತದೆ ಎಂದು. ತುಂಬಿದ ಬುಟ್ಟಿಯನ್ನು ಬಗ್ಗಿ ಇಳಿಸುವುದು ಒಬ್ಬಳಿಂದ ಆದೀತು, ತಲೆಗೇರಿಸಲು ಇನ್ನೊಂದು ಜೊತೆ ಕೈ ಬೇಕು. ನೀವು ಮಡಿಯುಟ್ಟು ಒಲೆ ಮುಂದೆ ಇದ್ದವರು ಎದ್ದು ಹೋಗಿ ಕೈ ಕೊಡುತ್ತಿದ್ದಿರಿ. ಆಮೇಲೆ ಮತ್ತೆ ತಣ್ಣೀರು ಹೊಯ್ದುಕೊಳ್ಳುತ್ತಿದ್ದಿರಿ. ನಾನೊಮ್ಮೆ ಗೊಣಗಿದಾಗ, "ನನಗೆ ಮೈಲಿಗೆಯಾದ್ರೆ ಎರಡು ತಂಬಿಗೆ ನೀರು ಕಣೆ, ಅವಳ ಕತ್ತು ಉಳುಕಿದ್ರೆ ಯಾರು ನೋಡ್ತಾರೆ?" ಎಂದಿರಿ. ಮಡಿಗಿಡಿ ಎಲ್ಲ ನನಗಿಲ್ಲ ಎಂದು ಜಂಬ ಕೊಚ್ಚುವ ನಾನು ಒಂದು ದಿನವೂ ಆ ಬುಟ್ಟಿಗೆ ಕೈ ಹಾಕಿದವಳಲ್ಲ.

ನವೆಂಬರ್ ಮುಗಿಯುವ ಹೊತ್ತಿಗೆ ನಮ್ಮ ತೋಟ ಕಣ್ಣು ಕುಕ್ಕುವ ಹಾಗೆ ಬಂತು. ಸೊಪ್ಪು ಹಂಚಿ ಹಂಚಿ ಮಿಕ್ಕುತ್ತಿತ್ತು. ಅದನ್ನು ನೋಡಿ ಹಿಂದಿನ ಬೀದಿಯವರೂ ಅದರ ಹಿಂದಿನವರೂ ತಮ್ಮ ತಮ್ಮ ಖಾಲಿ ಸೈಟಿಗೆ ಇಳಿದರು, ಬೀಜ ನಮ್ಮಿಂದಲೇ ಹೋಯಿತು. ಮುನಿಲಕ್ಷ್ಮಮ್ಮನ ಹತ್ತಿರ ಕೊಳ್ಳಬಾರದು ಎಂದು ಯಾರೂ ಕೂತು ತೀರ್ಮಾನ ಮಾಡಲಿಲ್ಲ ಅತ್ತೆ. ಒಂದೊಂದು ಮನೆಯವರೂ ಇವತ್ತೊಂದು ದಿನ ಬೇಡ ಎಂದರು. ಪಕ್ಕದ ಮನೆಯವರು ಕೊಂಡಿರುತ್ತಾರೆ ಬಿಡು ಎಂದು ನಾನಂದುಕೊಂಡೆ, ಪಕ್ಕದ ಮನೆಯವರು ನಾನು ಕೊಂಡಿರುತ್ತೇನೆ ಎಂದುಕೊಂಡರು. ಬೋಣಿ ಹೊತ್ತಿನಲ್ಲಿ ಬೇಡ ಎನ್ನಬಾರದು ಎಂದು ನಾನು ಮೊದಮೊದಲು ಒಂದು ಕಟ್ಟು ತೆಗೆದುಕೊಳ್ಳುತ್ತಿದ್ದೆ. ಆಮೇಲೆ ಅದನ್ನೂ ಬಿಟ್ಟೆ. ಏರಿದ ಏಣಿ ಒದೆಯುವುದು ಅಂತಾರಲ್ಲ, ಒದೆಯುವಾಗ ಕಾಲಿಗೆ ಗೊತ್ತೇ ಆಗುವುದಿಲ್ಲ.

ಧನುರ್ಮಾಸದ ಒಂದು ಬೆಳಿಗ್ಗೆ. ನಾನು ಪಾತಿಯಿಂದ ಆಗಷ್ಟೇ ಕಿತ್ತ ದಂಟನ್ನು ನಡುಮನೆಯಲ್ಲಿ ಬಿಡಿಸುತ್ತ ಕೂತಿದ್ದೆ. ಗೇಟು ಕಿರುಗುಟ್ಟಿತು. ಅವಳು ಹಳೆಯ ಅಭ್ಯಾಸದಂತೆ ಜಗುಲಿಯ ಮೇಲೆ ಬುಟ್ಟಿ ಇಳಿಸಿದಳು. ನಾಲ್ಕು ಬೀದಿ ಸುತ್ತಿ ಕಡೆಗೆ ನಮ್ಮಲ್ಲಿಗೆ ಬಂದಿದ್ದಳು, ಬುಟ್ಟಿ ತುಂಬಿದಂತೆಯೇ ಇತ್ತು. ಕೂಗಿದಳು. ನಾನು ಏಳಲಿಲ್ಲ. ಸೊಪ್ಪು ಬೇಡವಾದರೆ ಬೇಡ, ಎತ್ತಲು ವಸಿ ಕೈಯಾದ್ರೂ ಹಾಕಿ ಬನ್ರವ್ವ ಎಂದು ಮತ್ತೆ ಕೂಗಿದಳು. ಬೇಡ ಎಂದು ಮುಖ ಕೊಟ್ಟು ಹೇಳುವ ಧೈರ್ಯವಿಲ್ಲದೆ ನಾನು ನಡುಮನೆಯ ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ನಿಂತೆ, ಕೈಯಲ್ಲಿ ಅವಳೇ ಕೊಟ್ಟ ಬೀಜದ ದಂಟು. ಮೂರು ಸಲ ಕರೆದು ಸುಮ್ಮನಾದಳು. ಆಮೇಲೆ ಒಂದೊಂದೇ ಕಟ್ಟು ತೆಗೆದು ಜಗುಲಿಯ ಮೇಲಿಡುವ ಸದ್ದು ಕೇಳಿಸಿತು. ಒಬ್ಬಳೇ ಎತ್ತುವಷ್ಟು ಹಗುರವಾಗುವವರೆಗೂ ತೆಗೆದಿಟ್ಟು, ಬುಟ್ಟಿ ತಲೆಗೇರಿಸಿಕೊಂಡು ಹೊರಟುಹೋದಳು. ಹೊರಗೆ ಬಂದು ನೋಡಿದರೆ ಹದಿನಾಲ್ಕು ಕಟ್ಟು, ಸಾಲಾಗಿ ಜೋಡಿಸಿಟ್ಟಿದ್ದಳು. ಇವರು ಆಫೀಸಿಗೆ ಹೊರಡುವಾಗ ಇದೇನು ಎಂದು ಕೇಳಿಯಾರೆಂದು ಅಷ್ಟನ್ನೂ ಬಾಚಿ ತೋಟದ ಗೊಬ್ಬರದ ಗುಂಡಿಗೆ ಹಾಕಿದೆ. ಮರುದಿನದಿಂದ ಅವಳು ಬರಲಿಲ್ಲ.

ನಾನೇನು ಆಮೇಲೆ ಊಟ ನಿದ್ದೆ ಬಿಟ್ಟೆ ಎಂದು ತಿಳಿಯಬೇಡಿ. ಚೆನ್ನಾಗಿಯೇ ಇದ್ದೆ, ಅದೇ ಈಗ ಚುಚ್ಚುತ್ತದೆ. ಸಂಕ್ರಾಂತಿಗೆ ತೋಟದಲ್ಲೇ ಎಲ್ಲರೂ ಕೂತು ಊಟ ಮಾಡಬೇಕೆಂದಿದ್ದೆವು, ಪ್ರಧಾನಿಗಳು ತೀರಿಕೊಂಡ ಸುದ್ದಿ ಬಂದು ನಿಲ್ಲಿಸಿ, ರಥಸಪ್ತಮಿ ಕಳೆದ ಭಾನುವಾರ ಮಾಡಿದೆವು. ನಾಲ್ಕು ಮನೆಯ ಅಡಿಗೆ, ನಲವತ್ತು ಎಲೆ, ಹಿತಕಿದ ಅವರೆಕಾಳಿನ ಸಾರು. ಕಮಲಾದೇವಿ ಮತ್ತು ಶಾಂತವೀರಪ್ಪನವರ ಹೆಂಡತಿ ಒಂದೇ ಪಂಕ್ತಿಯಲ್ಲಿ ಕೂತು ಉಂಡರು. ನಾನು ತೋಟದ ಕಾರ್ಯದರ್ಶಿ, ಎದ್ದು ನಿಂತು ವರದಿ ಓದಿದೆ. ಸೈಟಿನ ಯಜಮಾನರಿಗೆ, ಕಾಲುವೆ ತೋಡಿಸಿದವರಿಗೆ, ಗುದ್ದಲಿ ಕೊಟ್ಟವರಿಗೆ, ಸೀಗೆಪುಡಿಯಲ್ಲೇ ಸ್ನಾನ ಮಾಡಿದವರಿಗೆ ಕೂಡ ವಂದನೆ ಹೇಳಿ ಎಲ್ಲರನ್ನೂ ನಗಿಸಿದೆ. ಚಪ್ಪಾಳೆ ನಿಂತ ಮೇಲೆ ಶಾಂತವೀರಪ್ಪನವರು ಎಲೆಯ ಮೇಲೆ ಕೈಯಿಟ್ಟು, "ಬೀಜ ಕೊಟ್ಟಾಕೆ ಎಲ್ಲಮ್ಮಾ? ಕರೀಲಿಲ್ವಾ?" ಎಂದರು. ಸಾರಕ್ಕಿ ದೂರ ಅಲ್ಲವೇ ಎಂದು ಕಮಲಾದೇವಿ ಅಂದರು. ದಿನವೂ ಅಲ್ಲಿಂದ ಬುಟ್ಟಿ ಹೊತ್ತು ನಡೆದು ಬರುತ್ತಿದ್ದವಳಿಗೆ ಅದು ದೂರ! ನಾನು ವರದಿಯ ಹಾಳೆ ಮಡಿಸಿ ಸೊಂಟಕ್ಕೆ ಸಿಕ್ಕಿಸಿ, ಸಾರಿನ ಪಾತ್ರೆ ಎತ್ತಿಕೊಂಡು ಬಡಿಸಲು ಹೋದೆ.

ಆಮೇಲೆ ಶಾಂತವೀರಪ್ಪನವರೇ ಹೇಳಿದರು, ಐದನೇ ಬ್ಲಾಕಿನಲ್ಲಿ ಕಟ್ಟುತ್ತಿರುವ ಒಂದು ಮನೆಯಲ್ಲಿ ಅವಳು ಗಾರೆ ಹೊರುತ್ತಿದ್ದಾಳೆ ಎಂದು. ಸೊಪ್ಪು ಕೊಳ್ಳುವ ಬೀದಿಗಳೇ ಇಲ್ಲದ ಮೇಲೆ ಬೆಳೆದು ಏನು ಮಾಡುತ್ತಾಳೆ? ಗಾರೆಯ ಬಾಂಡ್ಲಿ ಹೊತ್ತು ಏಣಿ ಹತ್ತುವ ವಯಸ್ಸೇ ಅತ್ತೆ ಅದು? ನಿಮಗಿಂತ ನಾಲ್ಕು ವರ್ಷಕ್ಕೆ ಚಿಕ್ಕವಳೇನೋ ಅಷ್ಟೆ. ಮೊನ್ನೆ ಶನಿವಾರ ಮಧ್ಯಾಹ್ನ ಹೋದೆ. ಇಟ್ಟಿಗೆ ರಾಶಿಯ ನೆರಳಲ್ಲಿ ಕೂತು ಮುದ್ದೆ ಉಣ್ಣುತ್ತಿದ್ದಳು. ನನ್ನನ್ನು ನೋಡಿ ಎದ್ದು, ಒಂದು ಹಲಗೆಯನ್ನು ಸೆರಗಿನಿಂದ ಒರೆಸಿ ಕೂರಲು ಹೇಳಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ, ಅವಳೇನೂ ಕೇಳುವ ಮೊದಲೇ ನಾನು ಬಡಬಡನೆ ಹೇಳಿಬಿಟ್ಟೆ, ಅವತ್ತು ಮನೆಯೊಳಗೇ ಇದ್ದೆ, ಬೇಕೆಂದೇ ಬರಲಿಲ್ಲ ಎಂದು. "ಗೊತ್ತು ಬುಡಿ ಚಿಕ್ಕಮ್ಮೋರೆ. ಬಾಗ್ಲ ಸಂದೀಲಿ ನಿಮ್ ಸೀರೆ ಅಂಚು ಕಾಣ್ತಿತ್ತು" ಎಂದಳು. ಸಿಟ್ಟಿಲ್ಲ, ವ್ಯಂಗ್ಯವಿಲ್ಲ, ಮಳೆ ಬಂತು ಎನ್ನುವ ಹಾಗೆ ಹೇಳಿದಳು. ನಾನು ಅತ್ತುಬಿಟ್ಟೆ. ಅವಳು ಅಳಬೇಡಿ ಎನ್ನಲಿಲ್ಲ, ಮುದ್ದೆ ಮುಗಿಸಿದಳು. ಮತ್ತೆ ಸೊಪ್ಪು ತಾ, ಬೀದಿಯವರಿಗೆಲ್ಲ ನಾನು ಹೇಳುತ್ತೇನೆ ಎಂದೆ. ಪಾತಿಯೆಲ್ಲ ಒಣಗಿಹೋಗಿದೆ, ನೋಡೋಣ ಎಂದಳು. ಆಮೇಲೆ ನೀವು ಯಾವತ್ತು ಬರುತ್ತೀರಿ ಎಂದು ಕೇಳಿದಳು. ಗುರುವಾರ, ಇಪ್ಪತ್ತನಾಲ್ಕಕ್ಕೆ ಎಂದೆ. "ಬತ್ತೀನಿ. ದೊಡ್ಡಮ್ಮೋರ್‌ನ ಒಂದ್ ಮಾತು ಕೇಳ್ಬೇಕು, ಅವ್ರ ಬಾಯಿಂದ್ಲೇ ಕೇಳ್ಬೇಕು" ಎಂದು ಬಾಂಡ್ಲಿ ಎತ್ತಿಕೊಂಡು ಹೋದಳು. ಏನು ಮಾತು ಎಂದು ನಾನು ವಿಚಾರಿಸಲಿಲ್ಲ.

ಇಷ್ಟೇ ಅತ್ತೆ ನಡೆದದ್ದು. ನಿನ್ನೆ ಸಂಜೆ ತೋಟದಲ್ಲಿ ಎಲ್ಲರೂ ಸೇರಿದಾಗ ಇದನ್ನು ಬಾಯಿ ಬಿಟ್ಟು ಹೇಳಿದೆ. ಬದರಿನಾಥರು ನೋಟ್‌ಬುಕ್ ಮುಚ್ಚಿಟ್ಟರು. ದಂಟು, ಮೆಂತ್ಯ, ಕೊತ್ತಂಬರಿ ಇನ್ನು ನಾವು ಹಾಕುವುದಿಲ್ಲ, ಅವಳ ಹತ್ತಿರವೇ ಕೊಳ್ಳುತ್ತೇವೆ, ನಮಗೆ ಬದನೆ ಹೀರೆ ಸಾಕು ಎಂದು ಮಾತಾಯಿತು. ಅವಳು ಒಪ್ಪಬೇಕಲ್ಲ. ನೀವು ಬಂದು ಒಂದು ಮಾತು ಹೇಳಿದರೆ ಒಪ್ಪಿಯಾಳು. ಬೈಯುವುದಿದ್ದರೆ ರೈಲು ಇಳಿದ ತಕ್ಷಣ ಬೈಯಬೇಡಿ, ಮನೆಗೆ ಬಂದು ಕಾಫಿ ಕುಡಿದ ಮೇಲೆ ಬೈಯಿರಿ.

ಸರಸ್ವತಿಗೆ ಬೆಚ್ಚಗಿರಲು ಹೇಳಿ, ಭಾವನವರಿಗೆ ನಮ್ಮಿಬ್ಬರ ನಮಸ್ಕಾರ ತಿಳಿಸಿ. ಕೂಸಿನ ಎರಡು ಕೆನ್ನೆಗೂ ನನ್ನ ಲೆಕ್ಕದ ಮುತ್ತು. ಶಿವರಾತ್ರಿ ಉಪವಾಸ ಮಾಡಿ ಸೊರಗಿಕೊಂಡು ರೈಲು ಹತ್ತಬೇಡಿ. ನಿಮ್ಮ ಆಶೀರ್ವಾದ ಕೇಳುವ ಮುಖ ಇವತ್ತು ನನಗಿಲ್ಲ, ಆದರೂ ಕೇಳುತ್ತೇನೆ.

ನಿಮ್ಮ ಸೊಸೆ,
ಪಂಕಜ

ಮರೆತ ಮಾತು, ಮರೆತದ್ದೂ ಅಲ್ಲ:

ಲಕೋಟೆಗೆ ಅಂಟು ಹಚ್ಚಲು ಹೋಗಿ ಕೈ ಬರಲಿಲ್ಲ. ಟಪಾಲು ತೆಗೆಯುವ ಹೊತ್ತಾಯಿತು, ಬೇಗ ಬರೆದುಬಿಡುತ್ತೇನೆ. ಮೇಲೆ ಮರುದಿನದಿಂದ ಅವಳು ಬರಲಿಲ್ಲ ಎಂದಿದ್ದೇನಲ್ಲ, ಅದು ಸುಳ್ಳು. ಮರುದಿನ ಬಂದಿದ್ದಳು. ಬುಟ್ಟಿಯಿಲ್ಲದೆ, ಬರಿಗೈಯಲ್ಲಿ. ಗೇಟಿನ ಹತ್ತಿರವೇ ನಿಂತು, ನನ್ನಿಂದೇನಾದ್ರೂ ತಪ್ಪಾಯ್ತೇನವ್ವ ಎಂದು ಕೇಳಿದಳು. ನನಗೆ ಬಾಯಿಗೆ ಬಂದದ್ದು ನಿಮ್ಮ ಹೆಸರು. ಯಾರನ್ನಾದರೂ ಸಾಗಹಾಕಬೇಕಾದರೆ ನಮ್ಮತ್ತೆ ಬೇಡ ಅಂತಾರೆ ಎಂದು ನಿಮ್ಮ ಮೇಲೆ ಹಾಕುವುದು ನನಗೆ ಅಭ್ಯಾಸ, ಪಾತ್ರೆ ಮಾರುವವನಿಗೆ, ಚಂದಾ ಕೇಳುವವರಿಗೆ ಎಲ್ಲರಿಗೂ ಅದನ್ನೇ ಹೇಳಿದ್ದೇನೆ. ಅವಳಿಗೂ ಹೇಳಿದೆ. ಅತ್ತೆ ಕಾಗದ ಬರೆದಿದ್ದಾರೆ, ನೀನು ಮುಟ್ಟಿ ತಂದ ಸೊಪ್ಪು ಇನ್ನು ಮಡಿಗೆ ಆಗುವುದಿಲ್ಲವಂತೆ ಎಂದೆ. "ದೊಡ್ಡಮ್ಮೋರೇ ಅಂಗಂದ್ರಾ?" ಎಂದು ಒಂದೇ ಒಂದು ಸಲ ಕೇಳಿದಳು. ನಾನು ಹೌದು ಎಂದೆ. ಅವಳು ಹೋದಳು.

ಗುರುವಾರ ಅವಳು ಕೇಳಲಿರುವುದು ಇದನ್ನೇ. ಶನಿವಾರ ಮಿಕ್ಕಿದ್ದೆಲ್ಲ ಒಪ್ಪಿಕೊಂಡೆ, ಇದೊಂದನ್ನು ಹೇಳಲಿಲ್ಲ. ಮದುವೆಯಾದ ವರ್ಷ ಗೌರಿಹಬ್ಬದಲ್ಲಿ ನೈವೇದ್ಯಕ್ಕೆ ಮುಂಚೆ ನಾನು ಪಾಯಸದ ರುಚಿ ನೋಡಿಬಿಟ್ಟಾಗ, ಮಾವನವರ ಎದುರಿಗೆ, ರುಚಿ ನೋಡೆಂದು ನಾನೇ ಹೇಳಿದ್ದೆ ಎಂದವರು ನೀವು. ಆಮೇಲೂ ಎಷ್ಟು ಸಲ. ಗುರುವಾರವೂ ಮುನಿಲಕ್ಷ್ಮಮ್ಮ ಕೇಳಿದಾಗ ನೀವು ನನ್ನ ಮುಖ ಒಂದು ಸಲ ನೋಡಿ, ಸೊಸೆಯ ಮಾನ ಹೋಗಬಾರದೆಂದು ಹೌದು, ನಾನೇ ಅಂದೆ ಎಂದುಬಿಡುತ್ತೀರಿ. ನಿಮ್ಮ ಬಾಯಿಂದ ಬಂದರೆ ಅವಳು ನಂಬಿಬಿಡುತ್ತಾಳೆ. ಬೇಡ ಅತ್ತೆ. ಇಲ್ಲ ಅನ್ನಿ. ನಾನು ಅಲ್ಲೇ ನಿಂತಿರುತ್ತೇನೆ.